ಎಲ್‌ಇಡಿ ಕೊಂಡಿರಾ? ಹಾಗಾದ್ರೆ ರೆಸಿಸ್ಟರ್ ಲೆಕ್ಕವನ್ನೂ ಕಲಿಯಿರಿ

ನನ್ನದು ತಿಪಟೂರಿನಲ್ಲಿ ರೇಡಿಯೊ, ಟಿ.ವಿ. ರಿಪೇರಿ ಅಂಗಡಿ. ಈಗ ಟಿ.ವಿ. ಹೊತ್ತುಕೊಂಡು ಬರುವವರು ಕಡಿಮೆ, ಶಾಲೆ ಮಕ್ಕಳು ಜಾಸ್ತಿ. ವಿಜ್ಞಾನ ವಸ್ತುಪ್ರದರ್ಶನ ಹತ್ತಿರ ಬಂತು ಅಂದ್ರೆ ಸಾಕು, "ಅಂಕಲ್, ಹತ್ತು ಎಲ್‌ಇಡಿ ಕೊಡಿ" ಅಂತ ಕೌಂಟರ್ ಮುಂದೆ ಸಾಲು. "ರೆಸಿಸ್ಟರ್ ಬೇಡ್ವಾ?" ಅಂತ ಕೇಳುತ್ತೇನೆ. ಕರೆಂಟನ್ನು ತಡೆದು ಹದಕ್ಕೆ ತರುವ ಪುಟ್ಟ ಸಾಮಾನು ಅದು. "ಬೇಡ ಅಂಕಲ್, ನಮ್ಮದು ಚಿಕ್ಕ ಮಾಡೆಲ್." ಮಾರನೇ ದಿನ ಅದೇ ಮಗು, ಮತ್ತೆ ಹತ್ತು ಎಲ್‌ಇಡಿ. ವ್ಯಾಪಾರಕ್ಕೇನೋ ಒಳ್ಳೆಯದೇ. ಆದರೂ ಹೀಗೆ ಸುಮ್ನೆ ಸುಟ್ಟು ಹಾಕುವುದನ್ನು ನೋಡಲು ಬೇಜಾರು. ಅದಕ್ಕೇ ಕೌಂಟರ್‌ನಲ್ಲಿ ಹೇಳಿಕೊಡುವುದನ್ನೆಲ್ಲ ಇಲ್ಲಿ ಬರೆದಿದ್ದೇನೆ.

ಒಂದು 5 ಮಿಲಿಮೀಟರ್ ಎಲ್‌ಇಡಿ ಕೈಗೆ ತೆಗೆದುಕೊಳ್ಳಿ. ಎರಡು ಕಾಲು. ಉದ್ದದ್ದು ಪ್ಲಸ್, ಗಿಡ್ಡದ್ದು ಮೈನಸ್. ಹಳೇ ಬೋರ್ಡಿನಿಂದ ಬಿಚ್ಚಿದ್ದಾದರೆ ಎರಡೂ ಕಾಲು ಒಂದೇ ಅಳತೆ ಇರುತ್ತವೆ. ಆಗ ಬುಡದ ಅಂಚಿನ ಸುತ್ತ ಉಗುರು ಆಡಿಸಿ ನೋಡಿ. ಒಂದು ಕಡೆ ಚಪ್ಪಟೆ ಇರುತ್ತದೆ, ಆ ಕಡೆಯ ಕಾಲು ಮೈನಸ್. ಒಳಗೆ ಕಾಣುವ ಎರಡು ಲೋಹದ ತುಂಡುಗಳಲ್ಲಿ ದೊಡ್ಡದು ಮೈನಸ್ ಅಂತ ಹೇಳುವವರಿದ್ದಾರೆ. ಸಾಮಾನ್ಯವಾಗಿ ಸರಿಯೇ. ಆದರೆ ಉಲ್ಟಾ ಇರುವ ಎಲ್‌ಇಡಿಗಳೂ ಉಂಟು, ಅದೊಂದನ್ನೇ ನಂಬಿಕೊಂಡು ಕೂರಬೇಡಿ.

ಉಲ್ಟಾ ಜೋಡಿಸಿದರೆ ಏನಾಗುತ್ತದೆ? ಕಡಿಮೆ ವೋಲ್ಟೇಜ್ ಆದರೆ ಏನೂ ಆಗುವುದಿಲ್ಲ, ಹತ್ತುವುದಿಲ್ಲ ಅಷ್ಟೆ. ಆದರೆ ಹೆಚ್ಚಿನ ಎಲ್‌ಇಡಿಗಳಿಗೆ ಉಲ್ಟಾ ದಿಕ್ಕಿನಲ್ಲಿ 5 ವೋಲ್ಟ್ ಮೀರಬಾರದು ಅಂತ ತಯಾರಿಸಿದವರೇ ಹೇಳಿರುತ್ತಾರೆ. 9 ವೋಲ್ಟ್ ಬ್ಯಾಟರಿಗೆ ಉಲ್ಟಾ ಹಾಕಿ ಮರೆತುಬಿಟ್ಟರೆ ಹಾಳಾಗಬಹುದು.

ಪರೀಕ್ಷೆ ಮಾಡಲು ನಾನು ಡ್ರಾಯರ್‌ನಲ್ಲಿ ಒಂದು ಸಿಆರ್2032 ಸೆಲ್ ಇಟ್ಟಿರುತ್ತೇನೆ. ಅದು 3 ವೋಲ್ಟಿನ ಗುಂಡು ಸೆಲ್. ಎಲ್‌ಇಡಿಯ ಎರಡು ಕಾಲುಗಳ ಮಧ್ಯೆ ಸೆಲ್ಲನ್ನು ಸಿಕ್ಕಿಸಿದರೆ ಸಾಕು, ಯಾವ ಬಣ್ಣ, ಯಾವ ಕಾಲು ಪ್ಲಸ್ ಎಲ್ಲ ತಿಳಿಯುತ್ತದೆ. ಇಲ್ಲಿ ರೆಸಿಸ್ಟರ್ ಇಲ್ಲದಿದ್ದರೂ ಎಲ್‌ಇಡಿ ಉಳಿಯುತ್ತದೆ. ಯಾಕೆಂದರೆ ಆ ಸೆಲ್ಲಿಗೆ ಜಾಸ್ತಿ ಕರೆಂಟ್ ಕೊಡುವ ಶಕ್ತಿಯೇ ಇಲ್ಲ, ಅದರ ಒಳಗೇ ತಡೆ ಇದೆ. ಬಿಳಿ ಮತ್ತು ನೀಲಿ ಸ್ವಲ್ಪ ಡಿಮ್ ಆಗಿ ಹತ್ತಬಹುದು, ಅದು ಸಹಜ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಈ ಸೆಲ್ ಕೈಗೆ ಸಿಗದ ಹಾಗೆ ಇಡಿ. ನುಂಗಿದರೆ ಗಂಟಲು, ಅನ್ನನಾಳ ಸುಟ್ಟು ಪ್ರಾಣಕ್ಕೇ ಅಪಾಯ. ಇದು ಸುಮ್ನೆ ಹೆದರಿಸಲು ಹೇಳುವ ಮಾತಲ್ಲ.

ಮಲ್ಟಿಮೀಟರ್ ಇದ್ದರೆ ಡಯೋಡ್ ಗುರುತಿಗೆ ತಿರುಗಿಸಿ, ಕೆಂಪು ಕಡ್ಡಿಯನ್ನು ಪ್ಲಸ್ ಕಾಲಿಗೆ ಹಿಡಿಯಿರಿ. ಕೆಂಪು ಎಲ್‌ಇಡಿ ಮಂಕಾಗಿ ಹತ್ತಿ, ಮೀಟರ್‌ನಲ್ಲಿ 1.7, 1.8 ಹೀಗೆ ಏನಾದರೂ ಬರುತ್ತದೆ. ಬಿಳಿ ಎಲ್‌ಇಡಿಗೆ ಅಗ್ಗದ ಮೀಟರ್ ಕೆಲವೊಮ್ಮೆ ಏನೂ ತೋರಿಸುವುದಿಲ್ಲ. ಎಲ್‌ಇಡಿ ಕೆಟ್ಟಿದೆ ಅಂತ ಎಸೆಯಬೇಡಿ, ಮೀಟರ್ ಕೊಡುವ ವೋಲ್ಟೇಜ್ ಅದಕ್ಕೆ ಸಾಲುತ್ತಿಲ್ಲ.

ಈಗ ಮುಖ್ಯ ವಿಷಯ. ಹಳೇ ಕಾಲದ ಟಾರ್ಚ್ ಬಲ್ಬಿಗೆ 3 ವೋಲ್ಟಿನದು ಅಂದರೆ 3 ವೋಲ್ಟ್ ಕೊಟ್ಟರೆ ಮುಗಿಯಿತು. ಉಳಿದದ್ದನ್ನು ಒಳಗಿನ ತಂತಿ ನೋಡಿಕೊಳ್ಳುತ್ತದೆ, ಬಿಸಿಯಾದಷ್ಟೂ ಅದರ ತಡೆ ಹೆಚ್ಚುತ್ತದೆ. ಎಲ್‌ಇಡಿ ಹಾಗಲ್ಲ. ಅದು ಕೆರೆಯ ಕೋಡಿ ಇದ್ದ ಹಾಗೆ. ನೀರು ಕೋಡಿಯ ಮಟ್ಟ ಮುಟ್ಟುವವರೆಗೆ ಒಂದು ಹನಿ ಹೊರಗೆ ಹೋಗಲ್ಲ, ದಾಟಿತು ಅಂದ್ರೆ ನುಗ್ಗುತ್ತದೆ. ಕೆಂಪು ಎಲ್‌ಇಡಿಗೆ ಒಂದೂವರೆ ವೋಲ್ಟಿನ ಪೆನ್ಸಿಲ್ ಸೆಲ್ ಕೊಡಿ, ಬೆಳಕು ಇಲ್ಲವೇ ಇಲ್ಲ ಅನ್ನಬಹುದು. 1.8ರ ಹತ್ತಿರ ಹತ್ತಲು ಶುರು. 2 ವೋಲ್ಟಿಗೆ ಚೆನ್ನಾಗಿ ಉರಿಯುತ್ತದೆ. ಅಲ್ಲಿಂದ ಇನ್ನು ಅರ್ಧ ವೋಲ್ಟ್ ಏರಿಸಿದರೆ ಕರೆಂಟ್ ಮಿತಿ ಮೀರಿ ಹೋಗುತ್ತದೆ.

ಇನ್ನೊಂದು ತೊಂದರೆ ಇದೆ. ಎಲ್‌ಇಡಿ ಬಿಸಿಯಾದರೆ ಅದಕ್ಕೆ ಬೇಕಾದ ವೋಲ್ಟೇಜ್ ಇಳಿಯುತ್ತದೆ, ಒಂದು ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್. ಅಂದರೆ ಕೊಟ್ಟ ವೋಲ್ಟೇಜ್ ಅಷ್ಟೇ ಇದ್ದರೂ ಕರೆಂಟ್ ಇನ್ನಷ್ಟು ಏರುತ್ತದೆ. ಏರಿದ್ದಕ್ಕೆ ಇನ್ನಷ್ಟು ಬಿಸಿ. ಆದ್ದರಿಂದ "ಸರಿಯಾಗಿ 2 ವೋಲ್ಟ್ ಕೊಡ್ತೀನಿ, ರೆಸಿಸ್ಟರ್ ಯಾಕೆ?" ಅನ್ನುವ ವಾದ ನಡೆಯಲ್ಲ. ಎಲ್‌ಇಡಿಗೆ ನಾವು ಅಳೆದು ಕೊಡಬೇಕಾದದ್ದು ಕರೆಂಟ್. ವೋಲ್ಟೇಜನ್ನು ಅದು ತಾನೇ ತೀರ್ಮಾನಿಸಿಕೊಳ್ಳುತ್ತದೆ.

ಎಷ್ಟು ವೋಲ್ಟ್ ಅನ್ನುವುದು ಬಣ್ಣದ ಮೇಲೆ ಹೋಗುತ್ತದೆ. ಕೆಂಪು ಮತ್ತು ಹಳದಿಗೆ 2 ವೋಲ್ಟ್ ಆಸುಪಾಸು. ನೀಲಿ ಮತ್ತು ಬಿಳಿಗೆ 3ರಿಂದ 3.4. ಲೆಕ್ಕಕ್ಕೆ ನಾನು 3.2 ಹಿಡಿಯುತ್ತೇನೆ. ಹಸಿರಿನದೇ ತಕರಾರು. ಹಳೇ ಟೇಪ್‌ರೆಕಾರ್ಡರ್‌ಗಳಲ್ಲಿದ್ದ ಮಂಕು ತಿಳಿಹಸಿರಿಗೆ 2.1 ಸಾಕು. ಈಗ ಬರುವ, ನೀರಿನಷ್ಟು ತಿಳಿ ಗಾಜಿನಂತೆ ಕಂಡು ಹತ್ತಿದಾಗ ಕಣ್ಣು ಕುಕ್ಕುವ ಹಸಿರಿಗೆ 3 ವೋಲ್ಟ್ ಬೇಕು. ಎರಡೂ ಹಸಿರೇ, ಆದರೆ ಒಳಗಿನ ವಸ್ತು ಬೇರೆ. ಹೊಸದು ನೀಲಿಯ ಕುಟುಂಬದ್ದು.

ಆ ನೀಲಿಗಾಗಿ ಜಗತ್ತು ತುಂಬ ಕಾಯಿತು. ನಿಕ್ ಹೊಲೊನ್ಯಾಕ್ 1962ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಕೆಂಪು ಎಲ್‌ಇಡಿ ಹತ್ತಿಸಿದರು. 70ರ ದಶಕದಲ್ಲಿ ಹಳದಿ, ಹಸಿರು ಅಂಗಡಿಗೆ ಬಂದವು. ಪ್ರಖರವಾದ ನೀಲಿ ಬರಲು ಮಾತ್ರ 90ರ ದಶಕ ಆಗಬೇಕಾಯಿತು. ಗ್ಯಾಲಿಯಂ ನೈಟ್ರೈಡ್ ಹರಳನ್ನು ದೋಷವಿಲ್ಲದೆ ಬೆಳೆಸುವುದು ಅಷ್ಟು ಕಷ್ಟದ ಕೆಲಸ. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಕಾಮುರ ಮೂವರಿಗೂ 2014ರಲ್ಲಿ ನೊಬೆಲ್ ಬಂತು. ಬಿಳಿ ಎಲ್‌ಇಡಿ ಅಂತ ನಾವು ಕೊಳ್ಳುವುದು ಕೂಡ ಒಳಗೆ ನೀಲಿಯೇ. ಮೇಲೆ ಹಳದಿ ಪುಡಿಯ ಲೇಪ ಇರುತ್ತದೆ. ಅದು ನೀಲಿ ಬೆಳಕಿನಲ್ಲಿ ಒಂದಷ್ಟನ್ನು ಹಳದಿ ಮಾಡುತ್ತದೆ, ಎರಡೂ ಸೇರಿ ಕಣ್ಣಿಗೆ ಬಿಳಿ. ಹತ್ತದೇ ಇರುವ ಬಿಳಿ ಎಲ್‌ಇಡಿಯನ್ನು ಮೇಲಿನಿಂದ ಇಣುಕಿ ನೋಡಿ, ಆ ಹಳದಿ ಚುಕ್ಕೆ ಕಾಣುತ್ತದೆ.

ಲೆಕ್ಕಕ್ಕೆ ಬರೋಣ. ಐದನೇ ಕ್ಲಾಸಿನ ಲೆಕ್ಕ ಇದು. ನೀವು ಕೊಡುವ ವೋಲ್ಟೇಜಿನಿಂದ ಎಲ್‌ಇಡಿ ತೆಗೆದುಕೊಳ್ಳುವ ವೋಲ್ಟೇಜ್ ಕಳೆಯಿರಿ. ಉಳಿದದ್ದನ್ನು ನಿಮಗೆ ಬೇಕಾದ ಕರೆಂಟಿನಿಂದ ಭಾಗಿಸಿ. ಅಷ್ಟು ಓಮ್ ರೆಸಿಸ್ಟರ್ ಬೇಕು. ಓಮ್ ಅಂದರೆ ತಡೆಯ ಅಳತೆ.

ಮೊಬೈಲ್ ಚಾರ್ಜರ್ 5 ವೋಲ್ಟ್, ಕೆಂಪು ಎಲ್‌ಇಡಿ 2 ವೋಲ್ಟ್. ಉಳಿದದ್ದು 3. ಕರೆಂಟ್ 10 ಮಿಲಿಆಂಪ್ ಸಾಕು, ಅಂದರೆ 0.01 ಆಂಪ್. ಮೂರನ್ನು 0.01ರಿಂದ ಭಾಗಿಸಿದರೆ 300 ಓಮ್. ಅಂಗಡಿಯಲ್ಲಿ 300 ಸುಲಭಕ್ಕೆ ಸಿಗಲ್ಲ, 330 ಸಿಗುತ್ತದೆ. ಯಾವಾಗಲೂ ಮೇಲಿನ ಸಂಖ್ಯೆಗೆ ಹೋಗಿ, ಕೆಳಗಿನದಕ್ಕೆ ಬೇಡ. 330ಕ್ಕೆ ರೆಸಿಸ್ಟರ್ ಮೈಮೇಲೆ ಕಿತ್ತಳೆ, ಕಿತ್ತಳೆ, ಕಂದು ಪಟ್ಟಿ. ಬಿಳಿ ಎಲ್‌ಇಡಿ ಆದರೆ 5ರಲ್ಲಿ 3.2 ಹೋಗಿ 1.8 ಉಳಿಯಿತು, ಅದಕ್ಕೆ 180 ಬರುತ್ತದೆ. ನಾನು 220 ಕೊಡುತ್ತೇನೆ. 9 ವೋಲ್ಟ್ ಬ್ಯಾಟರಿಗೆ ಒಂದು ಕೆಂಪು ಅಂದರೆ ಉಳಿದದ್ದು 7, ಬರುವುದು 700, ಹಾಕುವುದು 820. 680 ಹಾಕಿದರೂ ಏನೂ ಆಗಲ್ಲ, ಯಾಕೆಂದರೆ ನಾವು ಹಿಡಿದದ್ದು 10 ಮಿಲಿಆಂಪ್, ಮಿತಿ 20. ಇಂಥ ಕೆಲಸಕ್ಕೆಲ್ಲ ಕಾಲು ವ್ಯಾಟಿನ ರೆಸಿಸ್ಟರ್ ಧಾರಾಳ.

ಆ 20ರ ಬಗ್ಗೆ ಒಂದು ಮಾತು. ಪುಸ್ತಕ, ವಿಡಿಯೊ ಎಲ್ಲದರಲ್ಲೂ 20 ಮಿಲಿಆಂಪ್ ಅಂತಲೇ ಲೆಕ್ಕ ಮಾಡಿಸುತ್ತಾರೆ. ನನಗೆ ಅದು ಇಷ್ಟವಿಲ್ಲ. ಅದು ದಾಟಬಾರದ ಗೆರೆ, ಹೋಗಿ ಮುಟ್ಟಲೇಬೇಕಾದ ಗುರಿಯಲ್ಲ. ಈಗಿನ ಬಿಳಿ ಎಲ್‌ಇಡಿ 2 ಮಿಲಿಆಂಪಿಗೇ ಎಷ್ಟು ಬೆಳಗುತ್ತದೆ ಅಂದರೆ, ಮಲಗುವ ಕೋಣೆಯ ಇಂಡಿಕೇಟರ್ ಆದರೆ ನಿದ್ದೆ ಕೆಡಿಸುತ್ತದೆ. ಲೆಕ್ಕ ಮಾಡಲು ಬೇಜಾರಾದರೆ 1 ಕೆ, ಅಂದರೆ 1000 ಓಮ್, ಹಾಕಿಬಿಡಿ. ಕಂದು, ಕಪ್ಪು, ಕೆಂಪು. 5 ವೋಲ್ಟಿಗೂ ನಡೆಯುತ್ತದೆ, 12 ವೋಲ್ಟಿಗೂ ನಡೆಯುತ್ತದೆ, ಯಾವ ಬಣ್ಣವೂ ಸುಡುವುದಿಲ್ಲ. ಮೊದಲ ಸಲ ಅಂಗಡಿಗೆ ಹೋಗುವವರು 220, 330, 470, 1 ಕೆ ಇಷ್ಟನ್ನು ಹತ್ತತ್ತು ತಂದಿಟ್ಟುಕೊಂಡರೆ ವರ್ಷ ಪೂರ್ತಿ ಓಡುತ್ತದೆ. ಬೆಂಗಳೂರಿನ ಎಸ್‌.ಪಿ. ರಸ್ತೆಗೇ ಹೋಗಬೇಕು ಅಂತೇನಿಲ್ಲ, ಇಷ್ಟು ಸಾಮಾನು ಯಾವ ತಾಲ್ಲೂಕಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ಸಿಗುತ್ತದೆ.

ಒಂದಕ್ಕಿಂತ ಹೆಚ್ಚು ಎಲ್‌ಇಡಿ ಬಂದಾಗಲೇ ಎಲ್ಲರೂ ಎಡವುವುದು. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಥರ್ಮಾಕೋಲಿನಲ್ಲಿ ಚೆಂದದ ಹಳ್ಳಿ ಮಾಡಿಕೊಂಡು ಬಂದಿದ್ದಳು. ಬೀದಿಗೆ ಆರು ಬಿಳಿ ದೀಪ, ದೇವಸ್ಥಾನದ ಗೋಪುರಕ್ಕೆ ಒಂದು ಕೆಂಪು. ಎಲ್ಲದರ ಪ್ಲಸ್ ಒಂದು ಕಡೆ, ಮೈನಸ್ ಒಂದು ಕಡೆ, ನಡುವೆ ಒಂದೇ ರೆಸಿಸ್ಟರ್.

"ಅಂಕಲ್, ಗೋಪುರ ಮಾತ್ರ ಹತ್ತುತ್ತೆ. ಬೀದಿ ದೀಪ ಆರೂ ಹೋಗಿವೆ."

"ಹೋಗಿಲ್ಲ ಪುಟ್ಟಿ. ಆ ಕೆಂಪಿನ ಒಂದು ಕಾಲು ಬಿಚ್ಚು ನೋಡೋಣ."

ಬಿಚ್ಚಿದಳು. ಆರೂ ಬಿಳಿ ಹತ್ತಿಕೊಂಡವು. ಅವಳ ಕಣ್ಣು ಅಗಲ ಆಯಿತು.

ಕಾರಣ ಇಷ್ಟೇ. ಅಕ್ಕಪಕ್ಕ ಜೋಡಿಸಿದಾಗ ಎಲ್ಲದಕ್ಕೂ ಒಂದೇ ವೋಲ್ಟೇಜ್. ಕೆಂಪು 2 ವೋಲ್ಟಿಗೇ ಕರೆಂಟ್ ಎಳೆದುಕೊಳ್ಳಲು ಶುರು ಮಾಡುತ್ತದೆ, ವೋಲ್ಟೇಜ್ ಅದಕ್ಕಿಂತ ಮೇಲೇರಲು ಬಿಡುವುದಿಲ್ಲ. ಬಿಳಿಗೆ ಬೇಕಾದ್ದು 3. ಹಾಗಾಗಿ ಬಂದ ಕರೆಂಟೆಲ್ಲ ಕೆಂಪಿನ ಪಾಲು. ಒಂದೇ ಬಣ್ಣದವನ್ನು ಹಾಕಿದರೂ ಈ ಜಗಳ ತಪ್ಪದು, ಎದ್ದು ಕಾಣುವುದಿಲ್ಲ ಅಷ್ಟೆ. ಒಂದೇ ಪ್ಯಾಕೆಟ್ಟಿನ ಎರಡು ಎಲ್‌ಇಡಿ ಕೂಡ ತದ್ರೂಪ ಅಲ್ಲ. ಕಡಿಮೆ ವೋಲ್ಟೇಜ್ ಸಾಕು ಅನ್ನುವುದು ಜಾಸ್ತಿ ಕರೆಂಟ್ ಎಳೆಯುತ್ತದೆ, ಬಿಸಿಯಾಗುತ್ತದೆ, ಮೊದಲು ಸಾಯುತ್ತದೆ. ಆಮೇಲೆ ಅದರ ಪಾಲು ಉಳಿದವುಗಳ ತಲೆ ಮೇಲೆ. ಅಕ್ಕಪಕ್ಕ ಜೋಡಿಸುವುದಾದರೆ ಒಂದೊಂದು ಎಲ್‌ಇಡಿಗೂ ಅದರದ್ದೇ ರೆಸಿಸ್ಟರ್ ಇರಬೇಕು.

ಇನ್ನೊಂದು ದಾರಿ ಸೀರಿಯಲ್ ಸೆಟ್ಟಿನದು, ಒಂದರ ಬಾಲಕ್ಕೆ ಇನ್ನೊಂದು. ಆಗ ಎಲ್ಲದರಲ್ಲೂ ಅದೇ ಕರೆಂಟ್ ಹರಿಯುತ್ತದೆ, ವೋಲ್ಟೇಜ್ ಕೂಡುತ್ತಾ ಹೋಗುತ್ತದೆ. 12 ವೋಲ್ಟ್ ಅಡಾಪ್ಟರ್‌ಗೆ ಮೂರು ಬಿಳಿ ಅಂದರೆ 9.6 ಹೋಯಿತು, 2.4 ಉಳಿಯಿತು. 220 ಓಮ್ ಹಾಕಿದರೆ 11 ಮಿಲಿಆಂಪ್. ಮೂರು ದೀಪಕ್ಕೆ ಒಂದು ರೆಸಿಸ್ಟರ್ ಸಾಕಾಯಿತು. ನಾಲ್ಕು ಹಾಕಬಹುದಾ? ಬೇಡಿ. ನಾಲ್ಕಕ್ಕೆ 12.8 ಬೇಕು. ಮಿಣಮಿಣ ಅಂತ ಹತ್ತಿದರೂ ಹತ್ತಬಹುದು, ಆದರೆ ರೆಸಿಸ್ಟರ್‌ಗೆ ಕೈಯಾಡಿಸಲು ಏನೂ ಉಳಿಯಲ್ಲ. 3.3 ವೋಲ್ಟಿನ ಇಎಸ್‌ಪಿ32 ತರಹದ, ಪ್ರೋಗ್ರಾಂ ಬರೆದು ನಡೆಸುವ ಪುಟ್ಟ ಬೋರ್ಡಿಗೆ ನೀಲಿ ಎಲ್‌ಇಡಿ ಹಾಕಿ "ಡಿಮ್ ಇದೆ" ಅನ್ನುವ ಕಾಲೇಜು ಹುಡುಗರ ಸಮಸ್ಯೆಯೂ ಇದೇ.

ಆ ಹುಡುಗಿಗೆ ನಾನು ಹೇಳಿದ್ದು: ಹಳೇ ಮೊಬೈಲ್ ಚಾರ್ಜರ್ ತಾ, ಬೀದಿಯ ಆರು ಬಿಳಿಗೂ ಒಂದೊಂದು 1 ಕೆ, ಗೋಪುರಕ್ಕೂ ಒಂದು 1 ಕೆ. ಒಂದು ಬಿಳಿಗೆ 2 ಮಿಲಿಆಂಪಿಗಿಂತ ಕಡಿಮೆ. ಥರ್ಮಾಕೋಲ್ ಹಳ್ಳಿಗೆ ಅಷ್ಟು ಬೆಳಕು ಬೇಕಾದಷ್ಟಾಯಿತು.

"ಕತ್ತಲಾದ್ರೆ ತಾನೇ ಹತ್ತೋ ಹಾಗೆ ಮಾಡಬಹುದಾ ಅಂಕಲ್?" ಮಾಡಬಹುದು. ಬೇಸ್ ಅನ್ನುವ ಕಾಲಿಗೆ ಕರೆಂಟ್ ಬಂದರೆ ಸ್ವಿಚ್ಚಿನಂತೆ ಆನ್ ಆಗುವ ಒಂದು ಬಿ.ಸಿ. 547 ಟ್ರಾನ್ಸಿಸ್ಟರ್, ಬೆಳಕು ಬಿದ್ದರೆ ತಡೆ ಇಳಿಯುವ ಒಂದು ಎಲ್‌ಡಿಆರ್, ಒಂದು 47 ಕೆ ರೆಸಿಸ್ಟರ್ ಬೇಕು. ಟ್ರಾನ್ಸಿಸ್ಟರಿನ ಚಪ್ಪಟೆ ಮುಖ ನಿಮ್ಮ ಕಡೆಗೆ, ಕಾಲು ಕೆಳಗೆ ಹಿಡಿದರೆ ಎಡಗಡೆಯದು ಕಲೆಕ್ಟರ್, ನಡುವಿನದು ಬೇಸ್, ಬಲಗಡೆಯದು ಎಮಿಟರ್. ಎಲ್ಲ ಎಲ್‌ಇಡಿಗಳ ಪ್ಲಸ್ ಕಡೆ ಅವವುಗಳ 1 ಕೆ ಮೂಲಕ 5 ವೋಲ್ಟಿಗೆ ಹೋಗಲಿ. ಮೈನಸ್ ಕಾಲುಗಳನ್ನೆಲ್ಲ ಸೇರಿಸಿ ಕಲೆಕ್ಟರ್‌ಗೆ ಕೊಡಿ. ಎಮಿಟರ್ ನೇರವಾಗಿ ಚಾರ್ಜರ್‌ನ ಮೈನಸ್‌ಗೆ. 5 ವೋಲ್ಟಿನಿಂದ ಬೇಸಿಗೆ 47 ಕೆ. ಬೇಸಿನಿಂದ ಮೈನಸ್‌ಗೆ ಎಲ್‌ಡಿಆರ್. ಬೆಳಕಿದ್ದಾಗ ಎಲ್‌ಡಿಆರ್‌ನ ತಡೆ ಕೆಲವು ಸಾವಿರ ಓಮ್‌ಗೆ ಇಳಿದು, ಬೇಸಿನ ಕರೆಂಟನ್ನು ಮೈನಸ್‌ಗೆ ಹರಿಸಿಬಿಡುತ್ತದೆ. ದೀಪ ಆರಿರುತ್ತದೆ. ಕೈಯಿಂದ ಮುಚ್ಚಿದರೆ ತಡೆ ಏರಿ ಕರೆಂಟ್ ಬೇಸಿಗೇ ಹೋಗಬೇಕು, ದೀಪ ಹತ್ತುತ್ತದೆ. ಹಗಲಲ್ಲೂ ಹತ್ತುತ್ತಿದ್ದರೆ 47 ಕೆ ಬದಲು 100 ಕೆ ಹಾಕಿ. ಎಲ್‌ಡಿಆರನ್ನು ಬೀದಿ ದೀಪದ ಕೆಳಗೇ ಇಡಬೇಡಿ, ದೀಪದ ಬೆಳಕನ್ನೇ ಅದು ಹಗಲು ಅಂದುಕೊಂಡು ದೀಪ ಅರೆಬರೆ ಆರುತ್ತದೆ.

ಬೆಸುಗೆ ಹಾಕುವಾಗ ಬಿಸಿ ಸೋಲ್ಡರಿಂಗ್ ಕಡ್ಡಿಯನ್ನು ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ. ಕಾಲನ್ನು ಬುಡದಲ್ಲೇ ಮಡಿಸಬೇಡಿ, ಸ್ವಲ್ಪ ಬಿಟ್ಟು ಇಕ್ಕಳದಲ್ಲಿ ಹಿಡಿದು ಮಡಿಸಿ.

ಇನ್ನು ಆಟೋ, ಬೈಕಿನವರ ಕಥೆ. 12 ವೋಲ್ಟಿನ ಎಲ್‌ಇಡಿ ಪಟ್ಟಿ ಅಂಟಿಸಿ, ತಿಂಗಳೊಳಗೆ ಅಲ್ಲಲ್ಲಿ ಆರಿಹೋಯಿತು ಅಂತ ಬರುತ್ತಾರೆ. ಪಟ್ಟಿಯನ್ನು ಹತ್ತಿರದಿಂದ ನೋಡಿ. ಮೂರು ಮೂರು ಎಲ್‌ಇಡಿಗೆ ಒಂದು ಗುಂಪು, ಗುಂಪಿಗೊಂದು ಪುಟಾಣಿ ರೆಸಿಸ್ಟರ್. ಹಲವು ಪಟ್ಟಿಗಳಲ್ಲಿ ಅದರ ಮೇಲೆ 151 ಅಂತ ಇರುತ್ತದೆ, ಅಂದರೆ 15ರ ಮುಂದೆ ಒಂದು ಸೊನ್ನೆ, 150 ಓಮ್. 12 ವೋಲ್ಟಿಗೆ ಉಳಿಯುವ 2.4ನ್ನು 150ರಿಂದ ಭಾಗಿಸಿದರೆ 16 ಮಿಲಿಆಂಪ್. ಸರಿಯಾಗಿದೆ. ಆದರೆ ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಆಗುತ್ತಾ 14.4ರ ಹತ್ತಿರ ಹೋಗುತ್ತದೆ. ಈಗ ಉಳಿದದ್ದು 4.8. ಕರೆಂಟ್ 32. ವೋಲ್ಟೇಜ್ ಏರಿದ್ದು ಐದರಲ್ಲೊಂದು ಪಾಲು, ಕರೆಂಟ್ ಆದದ್ದು ಎರಡು ಪಟ್ಟು! ಸುಡದೆ ಇನ್ನೇನಾಗುತ್ತದೆ? ಇದಕ್ಕೆ ನಾನು ಪಟ್ಟಿಯ ಪ್ಲಸ್ ವೈರಿಗೆ 1ಎನ್4007 ಡಯೋಡ್ ಮೂರನ್ನು ಸಾಲಾಗಿ ಹಾಕುತ್ತೇನೆ. ಒಂದೊಂದು 0.7 ತಿಂದು ಒಟ್ಟು 2 ವೋಲ್ಟ್ ಇಳಿಯುತ್ತದೆ. ಎಂಜಿನ್ ನಿಲ್ಲಿಸಿದಾಗ ಪಟ್ಟಿ ಸ್ವಲ್ಪ ಮಂಕಾಗುತ್ತದೆ, ಆಗಲಿ ಬಿಡಿ. ಅರ್ಧ ಮೀಟರ್ ಪಟ್ಟಿಗೆ ಈ ಡಯೋಡ್ ಸಾಕು. ಬ್ಯಾಟರಿಯ ಹತ್ತಿರ 1 ಆಂಪ್ ಫ್ಯೂಸ್ ಹಾಕುವುದನ್ನು ಬಿಡಬೇಡಿ. ಪಟ್ಟಿ ಹೋದರೆ ಹೊಸದು ತರಬಹುದು, ಆದರೆ ಬ್ಯಾಟರಿ ವೈರ್ ಶಾರ್ಟ್ ಆದರೆ ಬೆಂಕಿ.

ಕೊನೆಗೆ ಮನೆಯ ಬಲ್ಬ್. ಸರ್ಕಾರದ ಹೊಸ ಬೆಳಕು ಯೋಜನೆ ಬಂದ ಮೇಲೆ 9 ವ್ಯಾಟಿನ ಎಲ್‌ಇಡಿ ಬಲ್ಬ್ ಹಳ್ಳಿ ಹಳ್ಳಿಗೂ ಹೋಯಿತು. ಕೆಟ್ಟ ಬಲ್ಬಿನ ಬಿಳಿ ಟೋಪಿ ತೆಗೆದು ನೋಡಿದರೆ ಅಲ್ಯೂಮಿನಿಯಂ ತಟ್ಟೆಯ ಮೇಲೆ ಚಿಪ್‌ಗಳು ಸರಪಳಿಯಂತೆ ಕೂತಿರುತ್ತವೆ. ಸತ್ತದ್ದರ ಮೇಲೆ ಸಾಮಾನ್ಯವಾಗಿ ಕಪ್ಪು ಚುಕ್ಕೆ ಇರುತ್ತದೆ. ಒಂದು ಸತ್ತರೆ ಸರಪಳಿ ಕಡಿದು ಪೂರ್ತಿ ಬಲ್ಬ್ ಆರುತ್ತದೆ. ಈ ಚಿಪ್‌ಗಳನ್ನು ಮಲ್ಟಿಮೀಟರ್‌ನಲ್ಲಿ ನೋಡಿ ಎಲ್ಲವೂ ಕೆಟ್ಟಿವೆ ಅನ್ನಬೇಡಿ. ಒಂದೊಂದು ಚಿಪ್ ಒಳಗೆ ಹಲವು ಎಲ್‌ಇಡಿ ಇದ್ದು 9 ವೋಲ್ಟ್, 18 ವೋಲ್ಟ್ ಕೇಳುವಂಥವೂ ಇವೆ. ಮೀಟರ್‌ಗೆ ಅಷ್ಟು ಶಕ್ತಿ ಇಲ್ಲ.

ಸತ್ತ ಚಿಪ್ಪಿನ ಜಾಗಕ್ಕೆ ಬೆಸುಗೆ ಸುರಿದು ಶಾರ್ಟ್ ಮಾಡಿ ಬಲ್ಬ್ ಹತ್ತಿಸುವುದು ಎಲ್ಲರೂ ಮಾಡುವ ಉಪಾಯ. ಹತ್ತುತ್ತದೆ, ನಿಜ. ಆದರೆ ಆ ಚಿಪ್ ತಿನ್ನುತ್ತಿದ್ದ ವೋಲ್ಟೇಜನ್ನು ಈಗ ಕರೆಂಟನ್ನು ಹಿಡಿತದಲ್ಲಿಡುವ ಪಕ್ಕದ ಪುಟ್ಟ ಐಸಿ ತಿನ್ನಬೇಕು. ಅದು ಬಿಸಿಯಾಗುತ್ತದೆ, ಮೊದಲ ಚಿಪ್ಪನ್ನು ಕೊಂದ ಶಾಖ ಇನ್ನೂ ಹೆಚ್ಚುತ್ತದೆ. ಒಂದು ಚಿಪ್ ಆದರೆ ನಾನು ಮಾಡಿಕೊಡುತ್ತೇನೆ, ಎರಡಾದರೆ ಇಲ್ಲ. ಮಕ್ಕಳಂತೂ ಇದನ್ನು ಮುಟ್ಟುವುದೇ ಬೇಡ. ಅಗ್ಗದ ಬಲ್ಬುಗಳಲ್ಲಿ ಈ ಚಿಪ್‌ಗಳಿಗೂ ಗೋಡೆಯ 230 ವೋಲ್ಟಿಗೂ ನಡುವೆ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಟೋಪಿ ತೆಗೆದ ಬಲ್ಬನ್ನು ಹೋಲ್ಡರಿಗೆ ಹಾಕಿ ಬೆರಳಿಟ್ಟರೆ ಶಾಕ್ ಹೊಡೆಯುತ್ತದೆ. ಹೋಲ್ಡರಿನಿಂದ ತೆಗೆದ ಮೇಲೂ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರಬಹುದು. ರಿಪೇರಿ ಮಾಡಿದ್ದನ್ನು ಟೋಪಿ ಇಲ್ಲದೆ ಎಲ್ಲೂ ಹಾಕಬೇಡಿ, ಟೋಪಿ ಇದ್ದರೂ ಬಚ್ಚಲುಮನೆಗೆ ಬೇಡ.